ಲಂಡನ್ನಿನಲ್ಲಿ ಸಾಹೇಬ, ಬಳ್ಳಾರಿಯಲ್ಲಿ ಅವನ ಹೆಂಡತಿ: ಹಳೆ ದಾಖಲೆ ಹುಡುಕಿಸಿದ ಅನುಭವ

ಗಂಟೆಗೆ 30 ಪೌಂಡ್. ನಮ್ಮ ದುಡ್ಡಿನಲ್ಲಿ ಮೂರು ಸಾವಿರಕ್ಕೂ ಮೇಲೆ. ಕಂಪನಿ ಸರ್ಕಾರದ ಕಾಲದಲ್ಲಿ ಬಳ್ಳಾರಿಯಲ್ಲಿ ಸತ್ತ ಒಬ್ಬ ಸಾಹೇಬನ ಸಂಸಾರ ಮತ್ತು ಆಸ್ತಿಯ ವಿವರ ಹುಡುಕಿಕೊಡಲು ಲಂಡನ್ನಿನ ಒಬ್ಬ ಸಂಶೋಧಕಿ ಕೇಳಿದ ದರ ಇದು. ಕೊಟ್ಟೆ. ಕೊಟ್ಟದ್ದು ದಂಡವಾಗಲಿಲ್ಲ. ಆದರೆ ನಮ್ಮ ಮನೆಯವರಿಗೆ ಬೇಕಾಗಿದ್ದ ಅರ್ಧ ಕಥೆ ಅಲ್ಲಿ ಇರಲೇ ಇಲ್ಲ. ಅದು ಇಲ್ಲೇ ಬಳ್ಳಾರಿಯಲ್ಲಿ, ನಾನು ದಿನಾ ಓಡಾಡುವ ನೋಂದಣಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇತ್ತು. ಇಂಥ ಸೇವೆಗೆ ದುಡ್ಡು ಹಾಕಬೇಕು ಅಂತಿರುವವರು, ಅದರಲ್ಲೂ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು, ಇದನ್ನು ಓದಿಕೊಂಡು ಆಮೇಲೆ ಕಾರ್ಡು ತೆಗೆಯಿರಿ.

ನಾನು ಬಾಂಡ್ ರೈಟರ್. ಕ್ರಯಪತ್ರ, ದಾನಪತ್ರ, ಪಾಲುಪತ್ರ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಅಜ್ಜಿಯ ಮುತ್ತಜ್ಜಿಯ ಅಪ್ಪ ಒಬ್ಬ ಬಿಳಿಯ. ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಅವನನ್ನು ಎಲ್ಲರೂ ಕಂಡಕ್ಟರ್ ಸಾಹೇಬ ಅಂತಲೇ ಕರೆಯೋದು. ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಕಂಪನಿ ಸೈನ್ಯದಲ್ಲಿ ಮದ್ದುಗುಂಡಿನ ಉಗ್ರಾಣ ನೋಡಿಕೊಳ್ಳುವವರಲ್ಲಿ ಸಾರ್ಜೆಂಟಿಗಿಂತ ಮೇಲಿನ ಒಂದು ದರ್ಜೆ ಅದು. ಅವನು ಲಾರ್ಡ್ ಮನೆತನದವನು, ದಂಡಿನಲ್ಲಿ ಬಂಗಲೆ ಇತ್ತು, ಹಗರಿ ದಾರಿಯಲ್ಲಿ ದೊಡ್ಡ ಹುಣಸೆ ತೋಪು ಇತ್ತು, ಸತ್ತ ಮೇಲೆ ಎಲ್ಲಾ ಲಂಡನ್ನಿನ ಕೋರ್ಟಿಗೆ ಹೋಯಿತು ಅನ್ನೋದು ಮನೆಯ ಮಾತು. ನಮ್ಮ ಸೋದರಮಾವ ಈ ಕಥೆ ಹೇಳಿದಾಗಲೆಲ್ಲ ತೋಪು ಒಂದೆರಡು ಎಕರೆ ಬೆಳೆಯುತ್ತದೆ.

ಮೊದಲು ತಿಳಿದಿರಬೇಕಾದದ್ದು, ಬಳ್ಳಾರಿಯ ಹಳೆ ಕಾಗದಕ್ಕೆ ಬೆಂಗಳೂರಿಗೆ ಹೋದರೆ ಬಸ್ ಚಾರ್ಜು ದಂಡ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದ. ಅಲ್ಲಿಂದ ಮುಂದೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ನಾವು ಮದ್ರಾಸಿನವರು. ಹಾಗಾಗಿ ಜಿಲ್ಲೆಯ ಹಳೆ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಬಿಳಿಯರ ದೀಕ್ಷಾಸ್ನಾನ (ಚರ್ಚಿನ ಬ್ಯಾಪ್ಟಿಸಂ), ಮದುವೆ, ಮಣ್ಣು ಮಾಡಿದ ಲೆಕ್ಕವೆಲ್ಲ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ರೆಕಾರ್ಡ್ಸ್ ಅನ್ನುವ ವಿಭಾಗದಲ್ಲಿದೆ. ಅಲ್ಲಿ ಮದ್ರಾಸಿನ ಚರ್ಚ್ ಲೆಕ್ಕಕ್ಕೆ ಎನ್/2 ಅಂತ ಗುರುತು. ಎನ್/1 ಬಂಗಾಳದ್ದು, ಎನ್/3 ಬೊಂಬಾಯಿಯದ್ದು. ಈ ಮೂರು ಗುರುತು ಗೊತ್ತಿದ್ದರೆ ಸಂಶೋಧಕರ ಜತೆ ಮಾತಾಡುವಾಗ ಅರ್ಧ ಗಂಟೆಯ ದುಡ್ಡು ಉಳಿಯುತ್ತದೆ.

ರಾಯಚೂರು, ಕೊಪ್ಪಳದವರದ್ದು ಬೇರೆ ದಾರಿ. ಅದು ನಿಜಾಮರ ಸೀಮೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ 1853ರಿಂದ 1860ರವರೆಗೆ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಆದರೂ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ, ಅಂದರೆ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ನಿಜಾಮರ ಸೈನ್ಯದ, ದಂಡು ಇತ್ತು. ಸಿಕಂದರಾಬಾದ್ ದಂಡಿನ ಚರ್ಚ್ ಲೆಕ್ಕ ಮದ್ರಾಸಿನ ಎನ್/2ಕ್ಕೇ ಸೇರುತ್ತಿತ್ತು. ಕೊಪ್ಪಳದ ನಮ್ಮ ಬೀಗರು, "ನಮ್ಮದು ನಿಜಾಮರ ರಾಜ್ಯ, ನಮಗೆಲ್ಲಿಯ ಲಂಡನ್ ಬಿಡ್ರಿ" ಅಂತ ಕೈ ಬಿಟ್ಟಿದ್ದರು. ಬಿಡಬೇಕಾಗಿಲ್ಲ.

ದುಡ್ಡು ಕೊಡುವ ಮೊದಲು ಪುಕ್ಕಟೆ ಸಿಗುವುದನ್ನೆಲ್ಲ ಮುಗಿಸಿಕೊಳ್ಳಿ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ ಅಂತ ಒಂದಿದೆ. ಚಿಕ್ಕದಾಗಿ ಫಿಬಿಸ್ ಅನ್ನುತ್ತಾರೆ. 1998ರಲ್ಲಿ ಶುರುವಾದದ್ದು. ಸ್ವಯಂಸೇವಕರು ಕೂತು ಹಳೆ ರಿಜಿಸ್ಟರು, ಪತ್ರಿಕೆ, ಹಡಗಿನ ಪಟ್ಟಿ ಎಲ್ಲಾ ಬೆರಳಚ್ಚು ಮಾಡಿ ಹಾಕಿದ್ದಾರೆ. ಹುಡುಕೋದು ಉಚಿತ. ಅವರ ವಿಕಿಯಲ್ಲಿ ಯಾವ ಸರಣಿಯಲ್ಲಿ ಏನು ಸಿಗುತ್ತದೆ ಅಂತ ಬಿಡಿಸಿ ಹೇಳಿದ್ದಾರೆ, ಇಂಗ್ಲಿಷು ಸುಲಭದ್ದೇ. ಇನ್ನೊಂದು ಫ್ಯಾಮಿಲಿಸರ್ಚ್. ಅಮೆರಿಕದ ಮಾರ್ಮನ್ ಚರ್ಚಿನವರು ನಡೆಸೋದು. ಖಾತೆ ತೆರೆದರೆ ಸಾಕು, ಕಾಸು ಕೇಳುವುದಿಲ್ಲ. ಮೂಲ ಪುಟದ ಚಿತ್ರ ನೋಡಬೇಕು ಅಂದರೆ ಫೈಂಡ್‌ಮೈಪಾಸ್ಟ್ ಅನ್ನುವ ತಾಣಕ್ಕೆ ಚಂದಾ ಕಟ್ಟಬೇಕು. ಅವರು ಬ್ರಿಟಿಷ್ ಲೈಬ್ರರಿಯ ಜತೆ ಸೇರಿ ಈ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ 2014ರಿಂದ ಹಾಕಿದ್ದಾರೆ. ಒಂದೇ ಮನೆತನ ಹುಡುಕುವವರು ವರ್ಷದ ಚಂದಾ ಕಟ್ಟೋದು ಜಾಸ್ತಿ ಆಯಿತು. ಒಂದು ತಿಂಗಳಿಗೆ ಕಟ್ಟಿ, ಪಟ್ಟಿ ಮೊದಲೇ ಬರೆದಿಟ್ಟುಕೊಂಡು, ಒಂದೇ ಸಲಕ್ಕೆ ಎಲ್ಲಾ ಇಳಿಸಿಕೊಳ್ಳಿ.

ಹುಡುಕುವಾಗ ಊರಿನ ಹೆಸರಿನ ಜಾಗ ಖಾಲಿ ಬಿಡಿ. ಬಳ್ಳಾರಿಯನ್ನು ಅವರು ಬೆಲ್ಲರಿ, ಬಲ್ಲಾರಿ, ಬೆಲ್ಲಾರಿ ಅಂತ ಬಾಯಿಗೆ ಬಂದಂತೆ ಬರೆದಿದ್ದಾರೆ. ಅದೂ ಅಲ್ಲದೆ ನೀವು ನೋಡುತ್ತಿರೋದು ಮೂಲ ಪುಸ್ತಕವಲ್ಲ. ದಂಡಿನ ಪಾದ್ರಿ ತನ್ನ ಪುಸ್ತಕದಲ್ಲಿ ಬರೆದ. ಅದರ ನಕಲು ಮದ್ರಾಸಿಗೆ ಹೋಯಿತು. ಮದ್ರಾಸಿನಲ್ಲಿ ಗುಮಾಸ್ತ ಮತ್ತೆ ನಕಲು ಮಾಡಿ ಲಂಡನ್ನಿಗೆ ಕಳಿಸಿದ. ನಕಲಿನ ನಕಲು. ಗುಮಾಸ್ತ ಊಟ ಮಾಡಿ ತೂಕಡಿಸುತ್ತಿದ್ದರೆ ಏನಾಗುತ್ತದೆ ಅಂತ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಒಂದು ಅಂಕಿ ತಪ್ಪಿದರೆ ಬೇರೆಯವರ ಹೊಲ ನಮ್ಮ ಪತ್ರಕ್ಕೆ ಬಂದಿರುತ್ತದೆ.

ಪುಕ್ಕಟೆ ತಾಣಗಳಲ್ಲೇ ನಮಗೆ ಸಾಹೇಬನ ಸಂಸಾರ ಸಿಕ್ಕಿತು. 1838ರಲ್ಲಿ ಬಳ್ಳಾರಿಯಲ್ಲಿ ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷಾಸ್ನಾನ. ಹಿರಿಯ ಮಗಳಿಗೆ ಆಗಲೇ ಒಂಬತ್ತು ವರ್ಷ. ಅವಳೇ ನಮ್ಮ ಅಜ್ಜಿಯ ಮುತ್ತಜ್ಜಿ. ಹೀಗೆ ಗುಂಪಾಗಿ ಮಾಡಿಸೋದು ಆಗ ಸಾಮಾನ್ಯವಾಗಿತ್ತು. ದೀಕ್ಷಾಸ್ನಾನದ ತಾರೀಖನ್ನು ಹುಟ್ಟಿದ ತಾರೀಖು ಅಂದುಕೊಂಡರೆ ವಂಶಾವಳಿ ಪೂರ್ತಿ ಅಡ್ಡದಾರಿ ಹಿಡಿಯುತ್ತದೆ. ತಾಯಿಯ ಹೆಸರು ಬರೆಯಬೇಕಾದ ಕಡೆ "ದೇಶೀ ಹೆಂಗಸು" ಅಂತ ಮಾತ್ರ ಇದೆ. ಮಾರನೆಯ ವರ್ಷ ಅದೇ ಸಾಹೇಬನ ಮದುವೆ. ಮದುಮಗಳಿಗೆ ಒಂದು ಕ್ರಿಸ್ತೀಯ ಹೆಸರು ಇದೆ. ಅಪ್ಪನ ಹೆಸರಿಲ್ಲ, ಮನೆತನದ ಹೆಸರಿಲ್ಲ. 1841ರಲ್ಲಿ ಇನ್ನೊಬ್ಬ ಮಗ. 1843ರಲ್ಲಿ ಸಾಹೇಬನ ಮಣ್ಣು, ಸತ್ತ ದಿನದ ಮಾರನೆಯ ದಿನವೇ. ನಮ್ಮ ಬಿಸಿಲಿಗೆ ಯಾರೂ ಕಾಯುವ ಹಾಗಿರಲಿಲ್ಲ.

ಇಲ್ಲಿಗೆ ಪುಕ್ಕಟೆ ದಾರಿ ಮುಗಿಯಿತು. ಆಸ್ತಿಯ ಕಾಗದ ಬೇಕು ಅಂದರೆ ಲಂಡನ್ನಿನಲ್ಲಿ ಒಬ್ಬರು ಕೂತು ದಪ್ಪ ದಪ್ಪ ಸಂಪುಟ ಮಗುಚಲೇಬೇಕು. ಬ್ರಿಟಿಷ್ ಲೈಬ್ರರಿಯಲ್ಲಿ ಓದುಗರ ಪಾಸು ಉಚಿತ. ಲಂಡನ್ನಿನಲ್ಲಿ ಮಕ್ಕಳೋ ನೆಂಟರೋ ಇದ್ದರೆ ಅವರನ್ನೇ ಕಳಿಸಬಹುದು. ನಮ್ಮ ಮನೆಯಲ್ಲಿ ಹೊರಗೆ ದೂರ ಹೋದವನು ಅಂದರೆ ಹೊಸಪೇಟೆಯಲ್ಲಿರುವ ನನ್ನ ತಮ್ಮ. ಹಾಗಾಗಿ ದುಡ್ಡು ಕೊಟ್ಟೆ.

ಸಂಶೋಧಕಿಯ ಹೆಸರು ಇಲ್ಲಿ ಹಾಕುವುದಿಲ್ಲ, ಒಬ್ಬರೇ ಕೆಲಸ ಮಾಡುವವರು, ಆಮೇಲೆ ಅವರಿಗೆ ಮೇಲ್‌ಗಳ ಕಾಟ ಬೇಡ. ಅವರು ಕೆಲಸ ಮಾಡಿದ ರೀತಿ ನನಗೆ ಹಿಡಿಸಿತು. ಮೊದಲೇ ಎಷ್ಟು ಗಂಟೆಗೆ ನಿಲ್ಲಿಸಬೇಕು ಅಂತ ಕೇಳಿದರು. ನನ್ನ ಹತ್ತಿರ ಏನೇನು ಇದೆ ಅಂತ ಕೇಳಿ, ಅದನ್ನು ಮತ್ತೆ ಹುಡುಕಿ ಬಿಲ್ಲು ಏರಿಸಲಿಲ್ಲ. ಯಾವ ಸಂಪುಟ ನೋಡಿದೆ, ಯಾವ ಪುಟದಿಂದ ಯಾವ ಪುಟದವರೆಗೆ, ಎಲ್ಲಿ ಏನೂ ಸಿಗಲಿಲ್ಲ ಅಂತ ಪ್ರತಿಯೊಂದಕ್ಕೂ ಬರೆದು ಕಳಿಸಿದರು. ಸಿಗದಿದ್ದದ್ದರ ಪಟ್ಟಿ ಕೊಡುವವರು ಸಿಕ್ಕರೆ ಅವರನ್ನು ಬಿಡಬೇಡಿ. ಅದೇ ಅಸಲಿ ಗುರುತು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಅಲ್ಲಿಯ ಆನ್‌ಲೈನ್ ಸೂಚಿಗಳು ಬಹಳ ಕಾಲ ಕೆಟ್ಟಿದ್ದವು. ಸಂಪುಟದ ನಂಬರು ಬಾಯಲ್ಲೇ ಇಟ್ಟುಕೊಂಡಿರುವ ಹಳಬರಿಗೆ ಇಂಥದ್ದರಿಂದ ಅಷ್ಟು ತೊಂದರೆ ಆಗೋದಿಲ್ಲ.

ಮೊದಲು ಬಂದದ್ದು ಸೈನ್ಯದ ರಿಜಿಸ್ಟರಿನ ಚಿತ್ರ. ಕಂಪನಿಯ ಮದ್ರಾಸ್ ಸೈನ್ಯದ ಕಾಗದಗಳಿಗೆ ಎಲ್/ಮಿಲ್/11 ಅಂತ ಗುರುತು. ಸೇರುವಾಗ ವಯಸ್ಸು, ಎತ್ತರ, ಊರು, ಕಸುಬು ಎಲ್ಲಾ ಬರೆದುಕೊಳ್ಳುತ್ತಿದ್ದರು. ನಮ್ಮ ಲಾರ್ಡು ಐರ್ಲೆಂಡಿನವನು. ಕಸುಬು ನೇಕಾರ. ಮಾವನಿಗೆ ಫೋನ್ ಮಾಡಿದೆ.

"ಲಾರ್ಡ್ ಅಲ್ವೇನೋ?"

"ಅಲ್ಲ ಮಾವ. ಮಗ್ಗ ನೇಯುತ್ತಿದ್ದ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ, ಬೀಗರ ಮುಂದೆ ಈಗಲೇ ಹೇಳಬೇಡ" ಅಂದರು.

ಆಮೇಲೆ ಬಂದದ್ದು ನಾನು ಕಾಯುತ್ತಿದ್ದ ಕಾಗದ. ಸತ್ತವರ ಸಾಮಾನು ಪಟ್ಟಿ ಮತ್ತು ಲೆಕ್ಕ ಎಲ್/ಎಜಿ/34/27ರಲ್ಲಿ ಇರುತ್ತದೆ. ಉಯಿಲುಗಳು ಎಲ್/ಎಜಿ/34/29ರಲ್ಲಿ. ಸಾಹೇಬ ಉಯಿಲು ಬರೆದಿರಲಿಲ್ಲ. ಸಾಮಾನಿನ ಪಟ್ಟಿ ಮಾತ್ರ ಸಿಕ್ಕಿತು. ಈ ಒಂದು ಪುಟಕ್ಕೆ ನಾನು ಇನ್ನೂ ಹತ್ತು ಗಂಟೆಯ ದುಡ್ಡು ಕೊಡಲೂ ತಯಾರಿದ್ದೆ. ದಿನಾ ಪತ್ರ ಬರೆಯುವವನ ಕಣ್ಣಿಗೆ ಇಂಥ ಪುಟ ಸಿಗೋದು ಅಪರೂಪ.

ಎಡಗಡೆ ಸಾಮಾನು, ನಡುವೆ ಹರಾಜಿನಲ್ಲಿ ಕೊಂಡವರ ಹೆಸರು, ಬಲಗಡೆ ರೂಪಾಯಿ, ಆಣೆ, ಪೈ. ಆರು ಕುರ್ಚಿ, ಅದರಲ್ಲಿ ಒಂದು ಮುರಿದದ್ದು. ಒಂದು ಬಂದೂಕು. ಒಂದು ತಟ್ಟು ಕುದುರೆ. ಬಡಗಿ ಸಾಮಾನಿನ ಪೆಟ್ಟಿಗೆ. ತಂತಿಯಿಲ್ಲದ ಪಿಟೀಲು. ಖಾಲಿ ಬಾಟಲಿಗಳನ್ನು ಕೂಡ ಡಜನ್ ಲೆಕ್ಕದಲ್ಲಿ ಮಾರಿದ್ದಾರೆ. ಕೊಂಡವರು ಹೆಚ್ಚಿನವರು ಸಾರ್ಜೆಂಟರು, ಉಗ್ರಾಣದ ಜತೆಗಾರರು. ಬೆಳ್ಳಿ ಗಡಿಯಾರಕ್ಕೆ ಪೈಪೋಟಿ ಆಗಿರಬೇಕು, ಕುದುರೆಗಿಂತ ಜಾಸ್ತಿ ಬಂದಿದೆ. ಒಂದು ಮಂಚ ಮತ್ತು ಸೊಳ್ಳೆ ಪರದೆಯ ಮುಂದೆ ಕೊಂಡವರ ಹೆಸರಿನ ಜಾಗದಲ್ಲಿ "ವಿಧವೆ" ಅಂತಿದೆ. ತನ್ನ ಮನೆಯ ಮಂಚವನ್ನು ಅವಳು ಹರಾಜಿನಲ್ಲಿ ಕೂಗಿ, ಎರಡು ರೂಪಾಯಿ ಕೊಟ್ಟು ಕೊಂಡಿದ್ದಾಳೆ.

ಕೆಳಗೆ ಖರ್ಚು. ಶವಪೆಟ್ಟಿಗೆ, ಗುಂಡಿ ತೋಡಿದ್ದು, ಬಟ್ಲರನ ಸಂಬಳ ಬಾಕಿ, ಕುದುರೆ ನೋಡಿಕೊಳ್ಳುವವನ ಸಂಬಳ, ಬಜಾರಿನ ಅಂಗಡಿ ಸಾಲ, ಹರಾಜು ಕೂಗಿದವನ ಕಮಿಷನ್. ಎಲ್ಲಾ ಕಳೆದು ಉಳಿದದ್ದು 212 ರೂಪಾಯಿ ಚಿಲ್ಲರೆ. ಲಂಡನ್ ಕೋರ್ಟು ಸೇರಿದ ನಮ್ಮ ದೊಡ್ಡ ಆಸ್ತಿ ಇಷ್ಟು.

ಹಂಚಿಕೆ ನೋಡಿ. ಉಯಿಲು ಇಲ್ಲದೆ ಸತ್ತರೆ ಇಂಗ್ಲೆಂಡಿನ ಆಗಿನ ಕಾನೂನಿನಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಎರಡು ಪಾಲು. ಆದರೆ ಮಕ್ಕಳು ಅಂದರೆ ಮದುವೆಯಾದ ಮೇಲೆ ಹುಟ್ಟಿದವರು ಮಾತ್ರ. ಆಮೇಲೆ ಅಪ್ಪ ಅಮ್ಮ ಮದುವೆಯಾದರೂ ಮೊದಲು ಹುಟ್ಟಿದವರಿಗೆ ಹಕ್ಕು ಬರುತ್ತಿರಲಿಲ್ಲ. ಅದನ್ನು ಇಂಗ್ಲೆಂಡಿನಲ್ಲಿ 1926ರ ಕಾಯಿದೆ ಬಂದ ಮೇಲೆ ಬದಲಾಯಿಸಿದರು. ಹಾಗಾಗಿ 1841ರ ಮಗನಿಗೆ ಎರಡು ಪಾಲು, ವಿಧವೆಗೆ 70 ರೂಪಾಯಿ ಚಿಲ್ಲರೆ. ಮೊದಲಿನ ನಾಲ್ಕು ಮಕ್ಕಳ ಹೆಸರೇ ಈ ಕಾಗದದಲ್ಲಿ ಇಲ್ಲ. ನಮ್ಮ ಅಜ್ಜಿಯ ಮುತ್ತಜ್ಜಿ, ಆಗ ಹದಿನಾಲ್ಕರ ಹುಡುಗಿ, ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ಬಂಗಲೆಯೂ ಲೆಕ್ಕದಲ್ಲಿಲ್ಲ. ದಂಡಿನ ಜಾಗ ಸರ್ಕಾರದ್ದು, ಉಗ್ರಾಣದ ಕೆಲಸಗಾರನಿಗೆ ಇರಲು ಕೊಟ್ಟ ಮನೆ ಅದು ಇರಬೇಕು ಅಂತ ಸಂಶೋಧಕಿ ಬರೆದರು. ಸರಿ, ಒಪ್ಪಿದೆ. ತೋಪು? ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಆದರೆ ತೋಪು ಇದ್ದದ್ದು ನಿಜ. ನಮ್ಮ ಅಜ್ಜಿ ಚಿಕ್ಕವಳಿದ್ದಾಗ ಅವಳ ಅಜ್ಜಿ ದೂರದಿಂದ ಬೊಟ್ಟು ಮಾಡಿ ತೋರಿಸಿದ್ದರಂತೆ.

ಸಂಶೋಧಕಿಯ ಕೊನೆಯ ವರದಿಯಲ್ಲಿ ಹೆಂಡತಿಯ ಬಗ್ಗೆ ಒಂದೇ ಸಾಲು: ದೇಶೀ ಹೆಂಗಸು, ಮೂಲ ಪತ್ತೆ ಮಾಡಲು ಸಾಧ್ಯವಿಲ್ಲ. ಅವರು ಸುಳ್ಳು ಹೇಳಲಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಅವಳು ಅಷ್ಟೇ ಇದ್ದದ್ದು. ಆದರೆ ಇಂಥ ಸೇವೆಗಳ ಮಿತಿ ಇದೇ. ಸಂಬಳ ಪಡೆದವನು, ಸತ್ತವನು, ಸಾಲ ಮಾಡಿದವನು ಇವರಿಗೆ ಸಿಗುತ್ತಾನೆ. ಅವನ ಜತೆ ಇಪ್ಪತ್ತು ವರ್ಷ ಬಾಳಿದವಳು ಸಿಗುವುದಿಲ್ಲ. ಇನ್ನೊಂದು ಕೊರತೆ, ಅವರಿಗೆ ನಮ್ಮ ಸೀಮೆ ಗೊತ್ತಿಲ್ಲ. ಕೌಲ್ ಬಜಾರನ್ನು ಅವರು ಕಲ್ಲಿದ್ದಲಿನ ಬಜಾರು ಅಂತ ಓದಿ ಟಿಪ್ಪಣಿ ಹಾಕಿದ್ದರು. ಕಾಗದದ ಚಿತ್ರ ಕಳಿಸಿದ್ದರಿಂದ ನಾನೇ ಓದಿ ಸರಿ ಮಾಡಿಕೊಂಡೆ. ಯಾರ ಹತ್ತಿರ ಹುಡುಕಿಸಿದರೂ ಮೂಲ ಪುಟದ ಚಿತ್ರ ಕೇಳಿ ಪಡೆಯಿರಿ. ಬರೀ ಬೆರಳಚ್ಚು ವರದಿಗೆ ದುಡ್ಡು ಕೊಡಬೇಡಿ.

ತೋಪಿನ ಕಥೆಗೆ ನಾನು ನನ್ನ ಕಸುಬಿನ ದಾರಿ ಹಿಡಿದೆ. ನಮ್ಮ ಕಡೆ ಪತ್ರಗಳ ನೋಂದಣಿ 1860ರ ದಶಕದಲ್ಲಿ ಶುರುವಾಯಿತು. ಸ್ಥಿರಾಸ್ತಿಯ ಪತ್ರಗಳೆಲ್ಲ ಒಂದನೇ ಪುಸ್ತಕದಲ್ಲಿ ನಕಲಾಗುತ್ತವೆ. ಅದನ್ನು ಕಾಯಂ ಇಡಬೇಕು. ಅದಕ್ಕೆ ಎರಡು ಸೂಚಿ. ಒಂದು ಜನರ ಹೆಸರಿನದ್ದು, ಇನ್ನೊಂದು ಊರು ಮತ್ತು ಆಸ್ತಿಯದ್ದು. 1908ರ ನೋಂದಣಿ ಕಾಯಿದೆಯ 57ನೇ ಕಲಮಿನ ಪ್ರಕಾರ ಫೀಸು ಕಟ್ಟಿದ ಯಾರು ಬೇಕಾದರೂ ಒಂದನೇ ಪುಸ್ತಕ ನೋಡಬಹುದು, ನಕಲು ಪಡೆಯಬಹುದು. ಸಂಬಂಧಿಕರೇ ಆಗಿರಬೇಕು ಅಂತಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಕೌಂಟರಿನಲ್ಲಿ ಕೂತವರಲ್ಲಿ ಕೂಡ ಕೆಲವರಿಗೆ. ನೋಂದಣಿ ಇಲಾಖೆಯ ತಾಣ ಕಾವೇರಿ ಆನ್‌ಲೈನಿನಲ್ಲಿ ಇಂಥದ್ದು ಸಿಗುತ್ತದೆ ಅಂತ ಕಾಯಬೇಡಿ. ಅದರಲ್ಲಿ ಇತ್ತೀಚಿನ ವರ್ಷಗಳದ್ದು ಮಾತ್ರ. ಹಳೆಯದಕ್ಕೆ ಅರ್ಜಿ ಬರೆದು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು, ದೂಳಿನಲ್ಲಿ ಕೂರಬೇಕು.

ಸಾಹೇಬನ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಊರಿನ ಸೂಚಿ ಹಿಡಿದು, ತೋಪು ಅಂತ ಬಂದ ಕಡೆಯೆಲ್ಲ ಬೆರಳಿಟ್ಟು ಹೋದೆ. ಸಿಕ್ಕಿತು. ಫಸಲಿ 1288ರ ಕ್ರಯಪತ್ರ. ಮದ್ರಾಸು ಸೀಮೆಯ ಹಳೆ ಕಂದಾಯದ ಕಾಗದಗಳಲ್ಲಿ ಇಸವಿ ಬದಲು ಫಸಲಿ ಬರೆದಿರುತ್ತಾರೆ. ಅದಕ್ಕೆ 590 ಕೂಡಿಸಿದರೆ ವರ್ಷ ಬರುತ್ತದೆ. ಜುಲೈನಿಂದ ಜೂನ್‌ವರೆಗೆ ಒಂದು ಫಸಲಿ, ಅಂದರೆ ಇದು 1878-79. ಬರೆದದ್ದು ತೆಲುಗಿನಲ್ಲಿ. ಬಳ್ಳಾರಿಯವರಿಗೆ ಅದೇನು ದೊಡ್ಡದಲ್ಲ, ನಾನು ಎರಡೂ ಓದುತ್ತೇನೆ.

ಮಾರಿದವಳು ಸಾಹೇಬನ ಹಿರಿಯ ಮಗಳು. ಲಂಡನ್ನಿನ ಲೆಕ್ಕದಲ್ಲಿ ಹೆಸರೇ ಇಲ್ಲದ ಅದೇ ಹುಡುಗಿ, ಈಗ ಐವತ್ತರ ಹೆಂಗಸು. ಕ್ರಯಪತ್ರದಲ್ಲಿ ಆಸ್ತಿ ಹೇಗೆ ಬಂತು ಅಂತ ಒಂದು ಪೂರ್ವಾಪರ ಬರೆಯುವ ಪದ್ಧತಿ ಇದೆ. ನಾನೂ ದಿನಾ ಬರೆಯುತ್ತೇನೆ. ಅವಳ ಪತ್ರದಲ್ಲಿ ಆ ಭಾಗ ಹೀಗಿದೆ: ಈ ತೋಪು ನನ್ನ ತಾಯಿಗೆ ಅವಳ ತಂದೆ ಅರಿಶಿನ ಕುಂಕುಮಕ್ಕೆ ಕೊಟ್ಟದ್ದು, ತಾಯಿ ಕಾಲವಾದ ಮೇಲೆ ನನಗೆ ಬಂದದ್ದು. ಜತೆಗೆ ತಾಯಿಯ ಹೆಸರು ಇದೆ. ಚರ್ಚಿನವರು ಕೊಟ್ಟದ್ದಲ್ಲ, ಹುಟ್ಟಿನ ಹೆಸರು. ಅವಳ ತಂದೆಯ ಹೆಸರಿದೆ, ಕೌಲ್ ಬಜಾರಿನ ಕಸುಬೂ ಇದೆ. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮನೆಯವರದ್ದು.

ಅಂದರೆ ತೋಪು ಸಾಹೇಬನದ್ದು ಆಗಿರಲೇ ಇಲ್ಲ. ಇಷ್ಟು ವರ್ಷ ನಾವು ಹೆಂಡತಿಯ ಆಸ್ತಿಯನ್ನು ಗಂಡನ ಹೆಸರಿಗೆ ಖಾತೆ ಮಾಡಿಕೊಂಡು ಮೆರೆಯುತ್ತಿದ್ದೆವು.

ಮಾರಿದ ಕಾರಣವೂ ಪತ್ರದಲ್ಲಿದೆ. ಬರದಲ್ಲಿ ಮಾಡಿದ ಕೈಸಾಲ. ಧಾತು, ಈಶ್ವರ ಸಂವತ್ಸರಗಳ ಆ ಬರ 1876ರಿಂದ 1878ರವರೆಗೆ ಮದ್ರಾಸು ಸೀಮೆಯನ್ನೆಲ್ಲ ನುಂಗಿತು. ಅತಿ ಹೆಚ್ಚು ಏಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆ ಎರಡು ಮೂರು ವರ್ಷದ ಕ್ರಯಪತ್ರಗಳ ಸಂಪುಟ ತೆರೆದರೆ ಗೊತ್ತಾಗುತ್ತದೆ. ಹೊಲ, ಮನೆ, ಬಾವಿಯ ಪಾಲು, ಏನೆಲ್ಲ ಮಾರಿದ್ದಾರೆ, ಎಷ್ಟು ಕಡಿಮೆಗೆ ಮಾರಿದ್ದಾರೆ. ನಮ್ಮ ತೋಪು ಹೋದ ಬೆಲೆ ನೋಡಿ ಮಾವ ಫೋನಿನಲ್ಲಿ ಬೈದರು. ಕೊಂಡವನನ್ನೋ ಬರವನ್ನೋ ತಿಳಿಯಲಿಲ್ಲ.

ನಡುವೆ ಎಗ್ಮೋರಿಗೂ ಹೋಗಿ ಬಂದೆ. 1909ರ ಕೆಂಪು ಕಟ್ಟಡ, ಹಿಂದೆ ಮದ್ರಾಸ್ ರೆಕಾರ್ಡ್ ಆಫೀಸು. ಮೊದಲೇ ಅರ್ಜಿ, ಗುರುತಿನ ಚೀಟಿ, ಏಕೆ ಬೇಕು ಅನ್ನುವ ಪತ್ರ ಎಲ್ಲಾ ಇಟ್ಟುಕೊಂಡು ಹೋಗಿ. ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕಾಗದಗಳು ಅಲ್ಲಿವೆ. ಒಂದು ಮನೆತನ ಹುಡುಕುವವರಿಗಿಂತ ಒಂದು ಊರಿನ ಅಥವಾ ಕಾಲುವೆಯ ಚರಿತ್ರೆ ಬರೆಯುವವರಿಗೆ ಅದು ಜಾಸ್ತಿ ಉಪಯೋಗ. ನನಗೆ ಸಿಕ್ಕದ್ದು ಕಡಿಮೆ.

ಗೋರಿ ಹುಡುಕುವವರಿಗೂ ಒಂದು ಮಾತು. ಮದ್ರಾಸ್ ಸಿವಿಲ್ ಸರ್ವಿಸ್‌ನಲ್ಲಿದ್ದ ಜೆ. ಜೆ. ಕಾಟನ್ ಅನ್ನುವವರು ಪ್ರಾಂತ್ಯದ ಗೋರಿಗಳ ಬರಹಗಳನ್ನೆಲ್ಲ ಸೇರಿಸಿ 1905ರಲ್ಲಿ ಒಂದು ಪಟ್ಟಿ ಮಾಡಿದ್ದಾರೆ. ಬಳ್ಳಾರಿಯ ಗೋರಿಗಳೂ ಅದರಲ್ಲಿವೆ, ಇಂಟರ್‌ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಕಲ್ಲು ನೆಡಿಸಲು ದುಡ್ಡು ಬೇಕು. ನಮ್ಮ ಸಾಹೇಬನ ಖರ್ಚಿನ ಪಟ್ಟಿಯಲ್ಲಿ ಗುಂಡಿ ತೋಡಿದ್ದಿದೆ, ಕಲ್ಲಿನ ಲೆಕ್ಕವಿಲ್ಲ. ಅಲ್ಲಿಗೆ ಸ್ಮಶಾನ ಸುತ್ತುವ ಕೆಲಸ ತಪ್ಪಿತು.

ಈಗ ದುಡ್ಡು ಕೊಡಬಾರದ ಕಡೆಗಳು. ವಂಶವೃಕ್ಷ ತಾನೇ ಜೋಡಿಸಿಕೊಡುವ ಒಂದು ದೊಡ್ಡ ತಾಣಕ್ಕೆ ಚಂದಾ ಕಟ್ಟಿ ನೋಡಿದೆ. ಅದರಲ್ಲಿ ನಮ್ಮ ಸಾಹೇಬನಿಗೆ ಆಸ್ಟ್ರೇಲಿಯಾದ ಯಾರೋ ಆಗಲೇ ಒಂದು ಮರ ಕಟ್ಟಿದ್ದರು. ಅದರಲ್ಲಿ ಅವನಿಗೆ ಐರ್ಲೆಂಡಿನಲ್ಲೇ ಇನ್ನೊಬ್ಬ ಹೆಂಡತಿ, ಬಳ್ಳಾರಿಯಲ್ಲಿ ಅವನ ಮಗ ಹುಟ್ಟಿದ ವರ್ಷವೇ ಅವಳಿಗೂ ಒಂದು ಮಗು! ಅದೇ ಹೆಸರಿನ ಬೇರೆ ಮನುಷ್ಯನನ್ನು ತಂದು ಅಂಟಿಸಿದ್ದರು. ತಾಣ ಅದನ್ನೇ ನನಗೆ "ಹೊಂದಿಕೆ ಸಿಕ್ಕಿದೆ" ಅಂತ ವಾರಕ್ಕೊಮ್ಮೆ ಕಳಿಸುತ್ತದೆ. ಕಾಗದದ ಚಿತ್ರ ತೋರಿಸದ ಮರವನ್ನು ನಂಬಬೇಡಿ.

ಇನ್ನೊಂದು, ವಾರಸು ಕೊಡಿಸುತ್ತೇವೆ ಅನ್ನುವವರು. ನಾನು ಅಲ್ಲಿ ಇಲ್ಲಿ ವಿಚಾರಿಸಿದ್ದು ಯಾರ ಕಿವಿಗೆ ಬಿತ್ತೋ, ಒಬ್ಬ ಏಜೆಂಟ್ ಮಾವನಿಗೆ ಫೋನ್ ಹಚ್ಚಿದ. ಇಂಗ್ಲೆಂಡಿನಲ್ಲಿ ವಾರಸುದಾರರಿಲ್ಲದ ಆಸ್ತಿ ಇದೆ, ಮುಂಗಡ ಕಟ್ಟಿದರೆ ಬಿಡಿಸಿಕೊಡುತ್ತೇನೆ ಅಂದ. ಮಾವ ಪಾಸ್‌ಬುಕ್ ಹುಡುಕುತ್ತಿದ್ದರು. ನಾನು ಕೂರಿಸಿ ಹೇಳಿದೆ. ವಾರಸುದಾರರಿಲ್ಲದ ಆಸ್ತಿಯನ್ನು ಅಲ್ಲಿಯ ಸರ್ಕಾರದ ಬೋನಾ ವೇಕನ್ಷಿಯಾ (ಒಡೆಯರಿಲ್ಲದ ಸ್ವತ್ತು) ಅನ್ನುವ ವಿಭಾಗವೇ ನೋಡಿಕೊಳ್ಳುತ್ತದೆ, ಅದರ ಪಟ್ಟಿಯನ್ನು ತನ್ನ ತಾಣದಲ್ಲಿ ಪುಕ್ಕಟೆ ಹಾಕುತ್ತಿತ್ತು. ಹಕ್ಕು ಕೇಳಲು ಅವರು ಕೊಡುವ ಅವಧಿ ಸಾಮಾನ್ಯವಾಗಿ 12 ವರ್ಷ. ತೀರಾ ಅಂದರೆ ಸತ್ತು 30 ವರ್ಷ ಆಗುವವರೆಗೆ ನೋಡುತ್ತಾರೆ. ನಮ್ಮವನು ಸತ್ತದ್ದು 1843ರಲ್ಲಿ. ಅವನ ಲೆಕ್ಕ ಅವತ್ತೇ ಚುಕ್ತಾ ಆಗಿದೆ, 212 ರೂಪಾಯಿಗೆ.

"ಅದಕ್ಕೆ ಬಡ್ಡಿ ಇಲ್ವೇನೋ?" ಅಂದರು.

ಐದರಲ್ಲಿ ಎಷ್ಟು ಅಂತ ಕೇಳಿದರೆ ಲಂಡನ್ನಿನ ಸಂಶೋಧಕಿಗೆ ನಾಲ್ಕು ಕೊಡುತ್ತೇನೆ. ನಮ್ಮ ಕಡೆಯ ಹೆಸರು ತಪ್ಪಾಗಿ ಓದಿದ್ದಕ್ಕೆ ಒಂದು ಕಡಿತ. ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಹಿಡಿಯುವ ಚಾರ್ಜು ಬೇರೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸಣ್ಣ ಸಣ್ಣ ಕಂತು ಕಳಿಸಬೇಡಿ. ನಿಮ್ಮವನು ಸೈನ್ಯದಲ್ಲೋ ರೈಲ್ವೆಯಲ್ಲೋ ಸರ್ಕಾರಿ ಸಂಬಳ ತಿಂದವನಾಗಿದ್ದರೆ, ಸತ್ತ ವರ್ಷ ನಿಮಗೆ ಗೊತ್ತಿದ್ದರೆ, ಎರಡು ಮೂರು ಗಂಟೆಗೆ ಒಪ್ಪಂದ ಮಾಡಿಕೊಂಡು ಸಾಮಾನಿನ ಪಟ್ಟಿ ಮತ್ತು ಉಯಿಲು ಇದೆಯೇ ನೋಡಿ ಅಂತ ಮಾತ್ರ ಕೇಳಿ. ವಂಶವೃಕ್ಷ ಬರೆದುಕೊಡಿ ಅಂತ ಕೇಳಬೇಡಿ, ಅದನ್ನು ಮನೆಯಲ್ಲಿ ಕೂತು ನೀವೇ ಬರೆಯಬಹುದು. ಸಾಹೇಬನ ಹೆಂಡತಿ ನಮ್ಮೂರಿನವಳಾಗಿದ್ದರೆ ಲಂಡನ್ನಿನಲ್ಲಿ ಅವಳಿಗಾಗಿ ಒಂದು ಪೌಂಡೂ ಹಾಕಬೇಡಿ. ನೋಂದಣಿ ಕಚೇರಿಗೆ ಬನ್ನಿ. ಹಳೆ ಅಕ್ಷರ ಓದಲು ಬರದಿದ್ದರೆ ವಯಸ್ಸಾದ ಬಾಂಡ್ ರೈಟರ್ ಒಬ್ಬರನ್ನು ಹಿಡಿಯಿರಿ. ಗಂಟೆಗೆ 30 ಪೌಂಡ್ ನಾವು ಕೇಳುವುದಿಲ್ಲ.

ಉಳಿದಿರೋದು ಆ ಎರಡು ಪಾಲು ಪಡೆದ ಚಿಕ್ಕ ಮಗ. ಅಪ್ಪ ಸತ್ತಾಗ ಅವನಿಗೆ ಎರಡು ವರ್ಷ. ಮದ್ರಾಸು ಸೈನ್ಯದ ಬಿಳಿಯ ಸಿಪಾಯಿಗಳ ಅನಾಥ ಗಂಡು ಮಕ್ಕಳಿಗೆ ಎಗ್ಮೋರಿನಲ್ಲಿ ಒಂದು ಆಶ್ರಮ ಇತ್ತು. ಆಂಡ್ರ್ಯೂ ಬೆಲ್ ಅನ್ನುವ ಪಾದ್ರಿ ದೊಡ್ಡ ಹುಡುಗರಿಂದಲೇ ಚಿಕ್ಕವರಿಗೆ ಪಾಠ ಹೇಳಿಸುವ ಪದ್ಧತಿ ಶುರು ಮಾಡಿದ್ದು ಅಲ್ಲೇ, 1790ರ ದಶಕದಲ್ಲಿ. ತಾಯಿಯಿಂದ ಬಿಡಿಸಿ ಹುಡುಗನನ್ನು ಅಲ್ಲಿಗೆ ಕಳಿಸಿದರೋ, ಇಲ್ಲ ಅವಳು ಎರಡು ರೂಪಾಯಿಯ ಆ ಮಂಚದ ಜತೆ ಅವನನ್ನೂ ಉಳಿಸಿಕೊಂಡಳೋ ನೋಡಬೇಕು. ಎರಡು ಗಂಟೆಯ ದುಡ್ಡು ಕಳಿಸಿದ್ದೇನೆ. ಮಾವ ತಮ್ಮ ಪಾಲಿಗೆ ಐನೂರು ಕೊಟ್ಟಿದ್ದಾರೆ, ಏನಾದರೂ ಸಿಕ್ಕರೆ ಮೊದಲು ತಮಗೇ ಹೇಳಬೇಕು ಅನ್ನುವ ಷರತ್ತಿನ ಮೇಲೆ.